ನೀಲಿ ಪೆಟ್ಟಿಗೆಯ ತೂಕ

“ಇಳಿಸಿ, ಇನ್ನೊಂದ್ಸಲ ಇಡಿ,” ಎಂದಳು ಫಹ್ಮಿದಾ.

ಶಿವಾಜಿನಗರದಲ್ಲಿ ಅವಳ ಮೈದುನ ಜಾಫರ್‌ನ ಒಣಹಣ್ಣಿನ ಅಂಗಡಿ. ಮೂಟೆ ತೂಗುವ ತಕ್ಕಡಿಯ ಮೇಲೆ ಅವಳ ನೀಲಿ ಸೂಟ್‌ಕೇಸು. ಜಾಫರ್ ಅದನ್ನು ಇಳಿಸಿ ಮತ್ತೆ ಇಟ್ಟ. ಕೆಂಪು ಅಂಕಿಗಳು ಕದಲಲಿಲ್ಲ. ಇಪ್ಪತ್ತೈದು ಕಿಲೋ ಇನ್ನೂರು ಗ್ರಾಂ.

“ನೋಡಿ, ಎರಡು ಕಿಲೋ ಇನ್ನೂರು ಜಾಸ್ತಿ.”

“ಭಾಭಿ, ಮೂವತ್ತು ಕಿಲೋ ಬಿಡ್ತಾರಂತಲ್ರೀ?”

“ಅದು ಮೊದಲನೇ ವಿಮಾನದೋರು. ಕೊಲ್ಲಿಯಿಂದ ಟೊರಾಂಟೊಗೆ ಬೇರೆ ಕಂಪನಿ. ಟಿಕೆಟ್ ಒಂದೇ ಆದ್ರೂ ದೂರ ಕರ್ಕೊಂಡು ಹೋಗೋರ ಲೆಕ್ಕಾನೇ ಹಿಡಿಯೋದಂತೆ. ಪೆಟ್ಟಿಗೆಗೆ ಇಪ್ಪತ್ಮೂರು. ಊಟಾನೂ ಅಷ್ಟೆ. ಮೊದಲನೆಯದರಲ್ಲಿ ಎಲ್ಲಾ ಹಲಾಲ್. ಎರಡನೆಯವರಿಗೆ ನಾವೇ ಮುಂಚೆ ಹೇಳ್ಬೇಕು. ಮೂರು ಸಲ ಫೋನ್ ಮಾಡಿ ಬರೆಸಿದ್ದೀನಿ.”

“ಏಳನೇ ಕ್ಲಾಸ್ ಓದಿ ಪೈಲಟ್ ಆಗ್ಬಿಟ್ರಿ!” ಜಾಫರ್ ನಕ್ಕ. ಕಟ್ಟೆಯ ಬಳಿ ನಿಂತಿದ್ದ ಮೂವರು ಗಿರಾಕಿಗಳೂ ನಕ್ಕರು.

ಫಹ್ಮಿದಾ ನಗಲಿಲ್ಲ. ಟೊರಾಂಟೊದಲ್ಲಿ ಮಗಳು ಅಂಬ್ರೀನ್‌ಗೆ ಹತ್ತು ದಿನದಲ್ಲಿ ಹೆರಿಗೆ. ಪೆಟ್ಟಿಗೆಯಲ್ಲಿ ಅವಳಿಗಾಗಿ ಅಂಟಿನುಂಡೆಗಳಿದ್ದವು. ದಿನಕ್ಕೆ ಎರಡರಂತೆ ಬಾಣಂತನದ ನಲವತ್ತು ದಿನಕ್ಕೆ ಎಂಬತ್ತು. ಮಗು ನೋಡಲು ಬರುವವರಿಗೆ ಇಪ್ಪತ್ತು. ಐದು ಕಿಲೋ ಸಾಮಾನಿಗೆ ಒಟ್ಟು ನೂರು ಆಗಬೇಕಿತ್ತು. ಆದದ್ದು ತೊಂಬತ್ತು.

ಆ ಹತ್ತು ಉಂಡೆಗಳೇ ಮನೆಯಲ್ಲಿ ಬಿರುಗಾಳಿ ಎಬ್ಬಿಸಿದ್ದವು. ಉಂಡೆ ಕಟ್ಟಿದವಳು ಹಲಸೂರಿನ ಗೋವಿಂದಮ್ಮ. ಇಪ್ಪತ್ತೆಂಟು ವರ್ಷದಿಂದ ಅವರ ಅಡುಗೆಮನೆ ನೋಡಿಕೊಂಡವಳು. ಅಂಬ್ರೀನ್‌ಗೆ ಮೊದಲ ತುತ್ತು ತಿನ್ನಿಸಿದವಳೂ ಅವಳೇ. “ಐದು ಕಿಲೋ ಸಾಮಾನು ತೂಗಿ ಕೊಟ್ಟೋನು ನಾನು. ಅರ್ಧ ಕಿಲೋ ಅವಳ ಸೆರಗಿಗೆ ಹೋಗಿದೆ,” ಎಂದು ಜಾಫರ್ ಮನೆಯವರ ವಾಟ್ಸಾಪ್ ಗುಂಪಿನಲ್ಲೇ ಬರೆದಿದ್ದ. ನಲವತ್ತು ಮಂದಿ ಓದಿದರು. “ಬಂದಿದ್ದಷ್ಟನ್ನೂ ಕಟ್ಟಿದ್ದೀನಮ್ಮ,” ಎಂದಷ್ಟೇ ಹೇಳಿ ಗೋವಿಂದಮ್ಮ ಚಪ್ಪಲಿ ಮೆಟ್ಟಿದಳು. ಮತ್ತೆ ಬರಲಿಲ್ಲ.

ಫಹ್ಮಿದಾ ಆವತ್ತೇ ಪೆಟ್ಟಿಗೆ ತುಂಬತೊಡಗಿದಳು. ಕಿರಿಮಗಳು ನೌರೀನ್ ಕೊಕ್ಕೆಯ ತಕ್ಕಡಿ ತರುತ್ತೇನೆಂದರೂ ಒಪ್ಪಲಿಲ್ಲ. “ನಿಮ್ಮ ಚಾಚಾನ ಅಂಗಡೀಲೇ ತೂಗಿಸ್ತೀನಿ.”

ಈಗ ಅವಳು ಪೆಟ್ಟಿಗೆಯ ಜಿಪ್ ಎಳೆದಳು. ಮೇಲೆಯೇ ಜಾಫರ್ ಇಟ್ಟಿದ್ದ ಪೊಟ್ಟಣ. ಟೊರಾಂಟೊದಲ್ಲಿರುವ ಅವನ ಭಾವ ಸೈಫ್‌ಗೆಂದು ಪಿಸ್ತಾ.

“ಅದನ್ಯಾಕೆ ಮುಟ್ತೀರಿ? ಉಂಡೆ ತೆಗೀರಿ. ಹೇಗೂ ಹತ್ತು ಹೋಗಿದೆ, ಇನ್ನಷ್ಟು ಹೋಗ್ಲಿ.”

ವಿಮಾನ ಹತ್ತುವವರ ಪೆಟ್ಟಿಗೆಯಲ್ಲಿ ನೆಂಟರ ಪೊಟ್ಟಣಕ್ಕೆ ಜಾಗವಿರಲೇಬೇಕು. ಅವರಿದ್ದ ಮಾಸ್ಕ್ ರಸ್ತೆಯ ಯಾವ ಮನೆಯಲ್ಲೂ ಇಲ್ಲವೆಂದವರಿಲ್ಲ. ಫಹ್ಮಿದಾ ಪೊಟ್ಟಣವನ್ನು ಕಟ್ಟೆಯ ಮೇಲಿಟ್ಟಳು.

“ನನ್ನ ಮಗಳ ಉಂಡೇಲಿ ಒಂದೂ ಹೊರಗೆ ಬರಲ್ಲ.”

“ಭಾಭಿ!” ಜಾಫರ್ ದನಿ ತಗ್ಗಿಸಿದ. “ಎಲ್ಲಾ ಹಾಗೇ ಇರ್ಲಿ. ಇಪ್ಪತ್ಮೂರು ದಾಟಲ್ಲ. ನನ್ನ ಮಾತು ನಂಬಿ.”

“ದಾಟುತ್ತೆ ಅಂತ ನಿಮ್ಮ ತಕ್ಕಡೀನೇ ಹೇಳ್ತಿದೆ.”

“ಅದು... ಹಂಗಲ್ಲ...”

“ತಪ್ಪು ಹೇಳುತ್ತಾ?”

ಗಿರಾಕಿಗಳ ನಗು ನಿಂತಿತ್ತು. ಒಬ್ಬ ತನ್ನ ಬಾದಾಮಿಯ ಚೀಲವನ್ನು ಅಂಗೈ ಮೇಲೆ ಎತ್ತಿ ನೋಡಿದ. ಜಾಫರ್ ದನಿ ಏರಿಸಿದ. “ನನ್ನ ತಕ್ಕಡಿ ಚಿನ್ನದ ತಕ್ಕಡಿ!”

“ಹಾಗಾದ್ರೆ ಪೊಟ್ಟಣ ಹೊರಗೆ.”

ಪೆಟ್ಟಿಗೆಯನ್ನು ಮತ್ತೆ ತೂಗಿದರು. ಸರಿಯಾಗಿ ಇಪ್ಪತ್ತಮೂರು.

“ಎರಡೇ ಕಿಲೋ ಪಿಸ್ತಾ ಅಂದಿದ್ರಿ. ಎರಡು ಇನ್ನೂರು ಕಮ್ಮಿ ಆಯ್ತಲ್ಲ?”

“ಪ್ಯಾಕಿಂಗ್ ಭಾರ,” ಎಂದ ಜಾಫರ್, ಅವಳ ಮುಖ ನೋಡದೆ.

“ತೂಕದ ಚೀಟಿ ಕೊಡಿ. ಅಲ್ಲಿ ಯಾರಾದ್ರೂ ತಕರಾರು ತೆಗೆದ್ರೆ ತೋರಿಸ್ಬೇಕು.”

ಯಂತ್ರ ಚೀಟಿ ಉಗುಳಿತು. ಮೇಲೆ ಅಂಗಡಿಯ ಹೆಸರು, ಕೆಳಗೆ ತೂಕ. ಫಹ್ಮಿದಾ ಅದನ್ನು ಮಡಿಸದೆ ಪಾಸ್‌ಪೋರ್ಟಿನೊಳಗೆ ಇಟ್ಟಳು.

ಮರುದಿನ ಬೆಳಗ್ಗೆ ನೌರೀನ್ ವಿಮಾನ ನಿಲ್ದಾಣದ ಬಾಗಿಲವರೆಗೆ ಬಂದು ಅಮ್ಮನನ್ನು ಅಪ್ಪಿಕೊಂಡಳು. ಒಳಗೆ ಫಹ್ಮಿದಾ ಒಬ್ಬಳೇ.

ಕೌಂಟರಿನ ಹುಡುಗಿ ಪರದೆ ನೋಡಿದಳು. “ಎರಡನೇ ಫ್ಲೈಟಲ್ಲೂ ಹಲಾಲ್ ಊಟ ಕನ್ಫರ್ಮ್ ಆಗಿದೆ ಆಂಟಿ. ಬ್ಯಾಗ್ ಇಡಿ.”

ಬೆಲ್ಟಿನ ಮೇಲೆ ಅಂಕಿಗಳು ಓಡಿ ನಿಂತವು.

“ಇಪ್ಪತ್ತು ಕಿಲೋ ಏಳುನೂರು. ಇನ್ನೂ ಎರಡು ಕಿಲೋಗೆ ಜಾಗ ಇದೆ. ಹ್ಯಾಂಡ್ ಬ್ಯಾಗಿಂದ ಏನಾದ್ರೂ ಹಾಕ್ತೀರಾ?”

“ಬೇಡಮ್ಮ. ನಿಮ್ಮ ತಕ್ಕಡಿ ಸುಳ್ಳು ಹೇಳಲ್ಲ ತಾನೆ?”

ಹುಡುಗಿ ನಕ್ಕಳು. “ಸೀಲ್ ಹಾಕಿದ್ದಾರೆ, ನೋಡಿ.”

“ಹಾಗಾದ್ರೆ ಒಂದು ನಿಮಿಷ ಹಾಗೇ ಬಿಡು, ಮಗಳೇ.” ಫಹ್ಮಿದಾ ಇಪ್ಪತ್ತಮೂರು ಎಂದಿದ್ದ ಅಂಗಡಿಯ ಚೀಟಿಯನ್ನು ಅಂಕಿಗಳ ಪಕ್ಕ ಹಿಡಿದು ಫೋಟೋ ತೆಗೆದಳು. ನಲವತ್ತು ಮಂದಿಯ ಗುಂಪಿಗೆ ಅದನ್ನು ಹಾಕಿ, ಕೆಳಗೆ ನಿಧಾನವಾಗಿ ಬರೆದಳು:

“ಜಾಫರ್, ನಿಮ್ಮ ತಕ್ಕಡಿಯ ಐದು ಕಿಲೋಗೆ ತೊಂಬತ್ತೇ ಉಂಡೆ ಆಗೋದು, ಹಲಸೂರಿಗೆ ಹೋಗಿ ಗೋವಿಂದಮ್ಮನ ಕ್ಷಮೆ ಕೇಳಿ.”