ಎಮ್ಮೆಗಳು ಒಪ್ಪಿದರೆ

ಕೇಳಿದರೆ ಒಪ್ಪಿಕೊಂಡುಬಿಡಲೇ? ಒಪ್ಪಿಕೊಂಡರೆ ಈ ಕೆಲಸವೂ ಹೋದಂತೆಯೇ. ಸಂದರ್ಶನಕ್ಕೆ ಬಂದವನ ಎದುರಿನ ಪರದೆಯ ಮೇಲೆ, ಕಳೆದ ತಿಂಗಳು ಆನ್‌ಲೈನ್‌ನಲ್ಲಿ ಅವನು ಬೈದಿದ್ದ ಕೋಡಿಂಗ್ ಅಭ್ಯಾಸದ ಪ್ರಶ್ನೆಯೇ ಇತ್ತು.

“ಈ ಪ್ರಶ್ನೆ, ಉತ್ತರ ಎರಡೂ ನಂದೇ,” ಎಂದರು ಸಂದರ್ಶಕರು. “ಕೆಳಗೆ ಯಾರೋ ಹೆಸರು ಹಾಕದೆ ಬರೆದಿದ್ದಾರೆ ನೋಡಿ. ‘ಕೊಟ್ಟಿರುವ ಉತ್ತರವೇ ತಪ್ಪು. ಬರೆದವನು ಎಮ್ಮೆ ಕಾಯಲಿ, ಎಮ್ಮೆಗಳು ಒಪ್ಪಿದರೆ.’ ನೀವಾ?”

“ಛೆ, ನಾನ್ಯಾಕೆ ಸಾರ್ ಹಾಗೆ ಬರೀಲಿ?”

“ಉತ್ತರ ತಪ್ಪಿದ್ದಿದ್ದು ನಿಜ ಕಣ್ರೀ. ಅದನ್ನ ಹಿಡಿದವನಿಗೇ ಕೆಲಸ ಅಂತ ಹೊರಗೆ ಯಾರೋ ಹಬ್ಬಿಸಿದ್ದಾರೆ. ಬೆಳಗ್ಗೆಯಿಂದ ಬಂದವರೆಲ್ಲ ‘ಬೈದಿದ್ದು ನಾನೇ ಸಾರ್’ ಅಂದ್ರು. ಸುಳ್ಳು ಹೇಳದವರು ನೀವೊಬ್ಬರೇ. ಸೋಮವಾರ ಬಂದು ಸೇರ್ಕೊಳ್ಳಿ.”

ಅವನು ಸೇರಿಕೊಂಡ. ಬೈದದ್ದು ತಾನೇ ಎಂದು ಮಾತ್ರ ಎಂದೂ ಹೇಳಲಿಲ್ಲ.