ಕೋಳಿ ಓಣಿ

ತರಕಾರಿ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡು ಕಳಕಮ್ಮ ಬಲಗೈ ಹಿಂದಕ್ಕೆ ಚಾಚಿದಳು. ಸಿಕ್ಕಿದ್ದು ಬರೀ ಗಾಳಿ. ಸೆರಗು ಹಿಡಿದು ಬರುತ್ತಿದ್ದ ನಾಲ್ಕು ವರ್ಷದ ಹುಲಿಗಿ ಇರಲಿಲ್ಲ.

ತಟ್ಟನೆ ಹಿಂದಕ್ಕೆ ಹೊರಳಿದಳು. ಅಕ್ಕಿ ಗಿರಣಿಯ ಕೆಲಸ ಮುಗಿಸಿ, ರಾತ್ರಿಯ ಅಡುಗೆಯನ್ನೇ ತಲೆಯಲ್ಲಿಟ್ಟುಕೊಂಡು ಸರಸರ ನಡೆದವಳಿಗೆ ಸೆರಗಿನ ಜಗ್ಗಾಟ ಯಾವಾಗ ನಿಂತಿತೆಂಬುದೇ ತಿಳಿದಿರಲಿಲ್ಲ. ಬೇವೂರು ಬಿಟ್ಟು ಗಂಗಾವತಿಗೆ ಬಂದದ್ದು ಮೊನ್ನೆ ಮೊನ್ನೆ. ಮಗುವಿಗೆ ಓಣಿಯ ಹೆಸರು ಹೇಳಲೂ ಬಾರದು. ತರಕಾರಿ ಕೊಂಡಿದ್ದ ಸಂತೆಗೇ ಹಿಂದಿರುಗಿ ಕಂಡಕಂಡವರನ್ನು ಕೇಳುತ್ತ ಬಂದಳು.

"ಕೆಂಪು ಲಂಗದಾಕಿ ಏನವ್ವಾ?" ಕೋಳಿ ಅಂಗಡಿಯ ಶಬ್ಬೀರ ಕೂಗಿದ. "ಈಗ ಇಲ್ಲೇ ಇದ್ಲು. ನಿಂಬಿಹಣ್ಣು ಮಾರೂ ಮುದುಕಿ ದಾವಲಬೀ ಎತಿಗೊಂಡು ಬಂದಿದ್ಲು. ಮನಿ ಎಲ್ಲೈತಿ ಅಂದ್ರ 'ಕೋಳಿ ಓಣ್ಯಾಗ' ಅಂದ್ಲಂತ. ಕೋಳಿ ಅಂದ್ರ ನಮ್ಮ ಅಂಗಡಿನ ಅಲ್ಲೇನು? ಇಲ್ಲಿಗೆ ತಂದ್ರ, 'ಈ ಕೋಳಿ ಅಲ್ಲಾ' ಅಂತ ಇನ್ನೂ ಜೋರು ಅತ್ಲು!"

"ಈಗೆಲ್ಲಿ ಹೋದ್ಲೋ ಯಣ್ಣಾ?"

"'ನನ್ನ ಕೆಳಗ ಇಳಸು, ಮ್ಯಾಲಿಂದ ಹಾದಿ ಕಾಣಂಗಿಲ್ಲ' ಅಂದ್ಲು. ಇಳಿಸಿದ್ದ ತಡ, ನೆಲಾ ನೋಡ್ಕೋಂತ ಹೊಂಟಬಿಟ್ಲು. ಮುದುಕಿನೂ ಆಕಿ ಬೆನ್ನಹಿಂದ ಹೋಗ್ಯಾಳ."

ಅವನು ಕೈ ತೋರಿಸಿದ್ದು ಮನೆಯ ಹಾದಿಯನ್ನೇ. ಕಳಕಮ್ಮ ಓಡಿದಳು. ಕಳಕಮ್ಮನ ಮನೆಯ ಕಟ್ಟೆಯ ಮೇಲೆಯೇ ದಾವಲಬೀ ಕುಳಿತಿದ್ದಳು. ಪಕ್ಕದಲ್ಲಿ ಹುಲಿಗಿ ನಿಂಬೆಹಣ್ಣು ಉರುಳಿಸುತ್ತಿದ್ದಳು. ಹೊಡೆಯಲೆಂದು ಎತ್ತಿದ ಕೈ ಮಗುವನ್ನು ತಬ್ಬಿಕೊಂಡಿತು.

"ನಾ ಕರಕೊಂಡ ಬಂದಿಲ್ಲವ್ವಾ, ಇಕಿನ ನನ್ನ ಕರಕೊಂಡ ಬಂದಾಳ," ಎಂದಳು ಮುದುಕಿ, ಕಣ್ಣರಳಿಸಿ. "ನೀಲಿ ಬಣ್ಣ ಚೆಲ್ಲಿದ ಕಲ್ಲು, ಬಾಯಿ ಬಿಟ್ಟ ಗಟಾರದ ಮುಚ್ಚಳ, ಒಂದೊಂದೂ ತೋರಿಸ್ಕೋಂತ ಬಂದ್ಲು. ಹುಟ್ಟಿದಾಗಿಂದ ಇದ ಹಾದಿ ತುಳದೀನಿ, ಒಂದರ ಕಂಡಿದ್ರ ಕೇಳು!"

"ಕೋಳಿ ಎಲ್ಲೈತಿ ನನ್ನವ್ವಾ?" ಕಳಕಮ್ಮ ಮಗಳನ್ನು ಕೇಳಿದಳು.

ಹುಲಿಗಿ ಅವಳ ಕೈ ಹಿಡಿದು ಓಣಿಯ ಬಾಯಿಗೆ ಎಳೆದೊಯ್ದು ಕುಕ್ಕರಗಾಲಲ್ಲಿ ಕೂರಿಸಿದಳು. ಸಿಮೆಂಟು ರಸ್ತೆ ಹಸಿಯಿದ್ದಾಗ ಯಾವುದೋ ಕೋಳಿ ಅಡ್ಡ ದಾಟಿತ್ತು. ಮೂರು ಬೆರಳಿನ ಹೆಜ್ಜೆಗಳು ಸಾಲಾಗಿ ಕಲ್ಲಾಗಿದ್ದವು. ಅವುಗಳ ಹಿಂದೆ, ದೂರದಲ್ಲಿ, ಜೀರಿಗೆ ಚೆಲ್ಲಿದಂತೆ ಪುಟ್ಟಪುಟ್ಟ ಗೀರುಗಳು. ದಿನವೂ ಗಿರಣಿಗೆ ಹೋಗುವಾಗ, ಬರುವಾಗ ಇವನ್ನೇ ತುಳಿದಿದ್ದಳು ಕಳಕಮ್ಮ. ಈಗ ಕಾಲಿಡಲೇ ಅಂಜಿಕೆಯಾಯಿತು. ಮೆಲ್ಲಗೆ ಬೆರಳಾಡಿಸಿದಳು.

ಒಂದು ಕಡೆ ದೊಡ್ಡ ಹೆಜ್ಜೆಗಳು ಸಾಲು ತಪ್ಪಿ, ಬಂದ ದಿಕ್ಕಿಗೇ ಮುಖ ಮಾಡಿದ್ದವು.

"ಇಲ್ಲೇನಾಗೇತಿ?"

ಹುಲಿಗಿ ಅದರ ಮೇಲೆ ಬೆರಳಿಟ್ಟಳು. "ಮರಿ ಹಿಂದ ಉಳದೈತಲ್ಲಾ, ಅದಕ್ಕ ಅವ್ವ ಕೋಳಿ ನಿಂತು ಹೊಳ್ಳಿ ನೋಡೇತಿ."