ಹೊಸದಾಗಿ ಮಾಡಿದ ಹಳೆಯ ಮಡಕೆಗಳು

“ಇನ್ನೂ ಸಣ್ಣಗೆ ಕುಟ್ಟಮ್ಮಾ. ಒರಟಾಗಿದ್ರೆ ಸುಡುವಾಗ ಆವಿಗೆಯಲ್ಲಿ ಮಡಕೆ ಬಿರಿಯುತ್ತೆ,” ಎಂದರು ಮಾವ.

ಕುಂಬಾರಗಿತ್ತಿ ಒಡಕು ಮಡಕೆಯ ಚೂರುಗಳ ಮೇಲೆ ಒನಕೆ ಎತ್ತಿದಳು. ಮಾಡುತ್ತಿದ್ದುದು ಶುದ್ಧ ಮೋಸ.

ಹೊಸ ರಾಜಧಾನಿಯ ಶಾಸನಸಭೆ ಅವರ ಕೇರಿಯ ದಿಬ್ಬದ ಮೇಲೆಯೇ ಏಳಬೇಕಂತೆ. ನಕ್ಷೆಯಲ್ಲಿ ಮೂವತ್ತು ಮನೆಗಳ ಜಾಗಕ್ಕೆ ಹಸಿರು ಬಳಿದು ‘ಹುಲ್ಲುಹಾಸು’ ಎಂದು ಬರೆದಿದ್ದರು. ಪುರಾತನ ವಸ್ತು ಸಿಕ್ಕರೆ ಮಾತ್ರ ಕಟ್ಟಡ ಬೇರೆ ಕಡೆ ಹೋಗುತ್ತದೆ. ಪರೀಕ್ಷಿಸಲು ಮುಂದಿನ ತಿಂಗಳು ಪುರಾತತ್ವ ತಜ್ಞೆ ಬರುತ್ತಾಳೆ.

“ಈ ಕೇರೀಲಿ ಪುರಾತನ ಅಂದ್ರೆ ನಾನೊಬ್ನೇ. ನನ್ನನ್ನೇ ಹೂತುಬಿಡು.”

“ಹೂತ್ರೆ ಒಳಗಿಂದ್ಲೇ ಚಹಾ ಕೇಳ್ತೀರಿ. ಸುಮ್ನೆ ಮಣ್ಣು ತುಳೀರಿ ಮಾವ.”

ಜೇಡಿಮಣ್ಣಿಗೆ ಬೋಕಿಪುಡಿ, ಅಂದರೆ ಹಳೆಯ ಮಡಕೆ ಚೂರು ಕುಟ್ಟಿದ ಪುಡಿ, ಬೆರೆಸುವುದು ಅವರಲ್ಲಿ ತಲೆತಲಾಂತರದ ಪದ್ಧತಿ. ಕಾಲಿಗೆ ಚುಚ್ಚುವ ಒಡಕು ಮಡಕೆಯ ಚೂರುಗಳಿಗೆ ದಿಬ್ಬದಲ್ಲೇನು ಬರವೇ? ಆದರೆ ಈ ಸಲದ್ದು ಹನ್ನೆರಡು ದೊಡ್ಡ ಮಡಕೆ. ಚೂರುಗಳಿಗಾಗಿ ಅಂಗಳ, ಹಿತ್ತಿಲು, ಓಣಿ ಎಲ್ಲವನ್ನೂ ಬಂಡೆ ಕಾಣುವ ತನಕ ಕೆರೆದರು. ಪಾಠಪುಸ್ತಕದ ಚಿತ್ರ ನೋಡಿ ತಿಗರಿ ತಿರುಗಿಸಿ, ಸುಟ್ಟು, ಹೊಗೆಯಲ್ಲಿ ಕಪ್ಪಾಗಿಸಿ, ದಿಬ್ಬದ ಅಂಚಿನಲ್ಲಿ ಹೂತರು.

ತಜ್ಞೆ ಬಂದಳು. ಜೊತೆಗೆ ಎಂಜಿನಿಯರ್. ನಾಲ್ಕು ಗುದ್ದಲಿ ಏಟಿಗೆ ಮಡಕೆಗಳು ಹೊರಬಂದವು. ತಜ್ಞೆ ಒಂದನ್ನು ಮೂಸಿ ಕೆಳಗಿಟ್ಟಳು.

“ಹೋದ ವಾರದ ಹೊಗೆ.”

ಎಂಜಿನಿಯರ್ ಚಪ್ಪಾಳೆ ತಟ್ಟಿದ. “ಏನಮ್ಮಾ, ಮಡಕೆಗೂ ಮುಪ್ಪು ಬರಿಸ್ತೀಯಲ್ಲ!”

“ಮೂವತ್ತು ಮನೆ ನುಂಗಿದ್ರೆ ಅಭಿವೃದ್ಧಿ, ಹನ್ನೆರಡು ಮಡಕೆ ಹೂತ್ರೆ ಮೋಸವಾ ಸ್ವಾಮಿ?”

ಅವನು ‘ಪುರಾತನ ಅವಶೇಷಗಳಿಲ್ಲ’ ಎಂಬ ವರದಿಗೆ ತಜ್ಞೆಯ ಸಹಿ ಹಾಕಿಸಿಕೊಂಡು, ಬುಲ್ಡೋಜರ್‌ಗೆ ಕೈ ಬೀಸಿ, ಹೋಗುವಾಗ ಮಡಕೆಯೊಂದನ್ನು ಒದ್ದ. ಅದು ಎರಡು ಹೋಳಾಯಿತು.

ತಜ್ಞೆ ಬಾಗಿ ಹೋಳನ್ನೆತ್ತಿಕೊಂಡಳು. ಒಡೆದ ಅಂಚಿಗೆ ಭೂತಗನ್ನಡಿ ಹಿಡಿದಳು.

“ಈ ಮಣ್ಣಲ್ಲಿರೋ ಹರಳು… ಎರಡು ಸಾವಿರ ವರ್ಷದ ಮಡಕೆ ಚೂರು ಕಣಮ್ಮ ಇದು! ನೆಲದಲ್ಲಿ ಒಂದು ಬೊಗಸೆ ಸಿಕ್ಕಿದ್ರೂ ಒಂದು ಇಟ್ಟಿಗೆ ಇಡೋಕೂ ಬಿಡ್ತಿರಲಿಲ್ಲ. ಎಲ್ಲಿದೆ ಉಳಿದದ್ದು?”

“ಎಲ್ಲಾ ಕುಟ್ಟಿಬಿಟ್ವಿ ಮೇಡಂ,” ಎಂದಳು ಕುಂಬಾರಗಿತ್ತಿ, “ನೀವು ಬರ್ತೀರಿ ಅಂತ.”